ನಾಲ್ಕು ಅಂಗುಲ ಎತ್ತರದ ಸೀಟು

ಮದುವೆಯಾಗಿ ಮೂವತ್ತೊಂದು ವರ್ಷ ಕಳೆದ ಮೇಲೆ ಡ್ರೈವರ್ ತನ್ನ ಹೆಂಡತಿಗೆಂದು ಒಂದು ಸೀಟು ಮಾಡಿಸಿದ. ಹೊಸ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು. ಅದರ ಸಲುವಾಗಿ ಆ ಮನೆಯಲ್ಲಿ ನಡೆದಷ್ಟು ಜಗಳ ಮಗನ ಮದುವೆಯ ಹೊತ್ತಿನಲ್ಲೂ ನಡೆದಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವನಾದ್ದರಿಂದ ಬೀದಿಯವರು ಅವನನ್ನು ಡ್ರೈವರ್ ಎಂದೇ ಕರೆಯುತ್ತಿದ್ದರು. ಮನೆಯ ಕೀಲಿಕೈ, ಚಿಲ್ಲರೆ, ದಿನಸಿಯ ಚೀಟಿ ಎಲ್ಲವೂ ಹೆಂಡತಿಯ ಕೈಚೀಲದಲ್ಲಿ ಇರುತ್ತಿತ್ತು, ಹಾಗಾಗಿ ಅವನು ಅವಳನ್ನು ಕಂಡಕ್ಟರ್ ಎನ್ನುತ್ತಿದ್ದ. ಹಳೆಯ ತಮಾಷೆ. ಅದಕ್ಕೆ ಯಾರೂ ನಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಇನ್ನೂ ಮೂರು ವರ್ಷ ಸರ್ವಿಸ್ ಉಳಿದಿರುವಾಗಲೇ ಅವನು ಕೆಲಸ ಬಿಟ್ಟು ಬಂದ. "ಸಾಕಾಯ್ತು. ಇಷ್ಟು ದಿನ ಊರವರನ್ನ ಹೊತ್ತೆ, ಇನ್ನು ನನ್ನ ಗಾಡಿ ನಾನು ಓಡಿಸ್ತೀನಿ" ಎಂದು ಮಗನಿಗೂ ಸೊಸೆಗೂ ಹೇಳಿದ. ಹದಿನೈದು ದಿನಕ್ಕೆ ಕಪ್ಪು ಬಣ್ಣದ ಕ್ರೂಸರ್ ಗಾಡಿಯೊಂದು ಬಾಗಿಲ ಮುಂದೆ ಬಂದು ನಿಂತಿತು. ಉದ್ದನೆಯ ಮೈ, ತಗ್ಗಿದ ಸೀಟು, ಅಗಲವಾದ ಹ್ಯಾಂಡಲ್ಲು. ನೋಡಿದರೆ ಹೊಟ್ಟೆ ತುಂಬ ಮೇದು ಮಲಗಿದ ಎಮ್ಮೆಯ ಹಾಗಿತ್ತು.

ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ವರ್ಷಕ್ಕೊಮ್ಮೆ ಬಸ್ಸಿನವರು ಮಾಡುವ ಕಣ್ಣಿನ ಪರೀಕ್ಷೆಯಲ್ಲಿ ಅವನು ಫೇಲಾಗಿದ್ದ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಎಡಗಣ್ಣು ಮುಕ್ಕಾಲು ಹೋಗಿದೆ, ಬಲಗಣ್ಣು ಅಂಚಿನಿಂದ ಸವೆಯುತ್ತಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಇದ್ದದ್ದನ್ನು ಹನಿ ಔಷಧ ಹಾಕಿ ಕಾಪಾಡಿಕೊಳ್ಳಿ, ಇನ್ನು ಗಾಡಿ ಮುಟ್ಟಬೇಡಿ ಎಂದು ಡಾಕ್ಟರಮ್ಮ ಅವಳ ಎದುರಿಗೇ ಹೇಳಿದ್ದಳು. ವಾಪಸ್ಸು ಬರುವಾಗ ಇಬ್ಬರೂ ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತಿದ್ದರು.

"ಎಡಗಡೆ ಕತ್ತಲಾಗುತ್ತಾ?" ಎಂದು ಅವಳು ಕೇಳಿದಳು.

"ಕತ್ತಲೆ ಅಂತಾನೂ ಅಲ್ಲ ಕಣೇ. ಏನೂ ಇಲ್ಲ. ನಿನ್ನ ಬೆನ್ನ ಹಿಂದೆ ನಿನಗೆ ಏನು ಕಾಣುತ್ತೆ ಹೇಳು? ಹಾಗೆ." ಕಿಟಕಿಯ ಕಡೆ ಮುಖ ತಿರುಗಿಸಿ ಅವನು, "ಮಕ್ಕಳಿಗೆ ಹೇಳಬೇಡ" ಎಂದ.

ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಆದರೆ ಅವನು ಗಾಡಿ ತಂದಾಗ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟಳು. ಮಗನಿಗೆ ಹೇಳಿಯೇ ಹೇಳುತ್ತೇನೆ ಎಂದಳು. ಅವನು ಸಿಟ್ಟು ಮಾಡಲಿಲ್ಲ. ತಲೆ ತಗ್ಗಿಸಿಕೊಂಡು, "ಇದನ್ನೂ ಕಿತ್ಕೊಂಡ್ರೆ ನಾನ್ಯಾರೇ?" ಎಂದ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು, ಈಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನಾನಿಲ್ಲದೆ ಗಾಡಿ ಬೀದಿಗೆ ಇಳೀಬಾರದು. ಹಿಂದೆ ಕೂತು ನಾನು ನೋಡ್ತೀನಿ" ಎಂದಳು.

ಅವನ ಮುಖ ಅರಳಿತು. "ಕಂಡಕ್ಟರ್ ಇಲ್ಲದೆ ಗಾಡಿ ಡಿಪೋ ಬಿಡುತ್ತಾ?"

ಅವತ್ತೇ ಇಬ್ಬರೂ ಸೇರಿ ಸನ್ನೆ ಗೊತ್ತುಮಾಡಿಕೊಂಡರು. ಎಡಗಡೆ ಏನಾದರೂ ಬಂದರೆ ಎಡ ಭುಜಕ್ಕೆ ತಟ್ಟಬೇಕು, ಬಲಗಡೆ ಬಂದರೆ ಬಲ ಭುಜಕ್ಕೆ. ಬೆನ್ನ ನಡುವೆ ಒಂದೇ ಒಂದು ಏಟು ಕೊಟ್ಟರೆ ನಿಲ್ಲಿಸು ಎಂದರ್ಥ. "ಕಣ್ಣು ಮುಚ್ಚಿಕೊಂಡು ಹೊಡಿ. ಇಪ್ಪತ್ತೊಂಬತ್ತು ವರ್ಷದಲ್ಲಿ ಬೆಲ್ ಹೊಡೆದ ಮೇಲೆ ನನ್ನ ಗಾಲಿ ಅರ್ಧ ಸುತ್ತು ಮುಂದಕ್ಕೆ ಹೋಗಿಲ್ಲ" ಎಂದು ಅವನು ಎದೆ ಉಬ್ಬಿಸಿದ. ಈ ಮಾತನ್ನು ಅವಳು ನೂರು ಸಲ ಕೇಳಿದ್ದಳು, ಮತ್ತು ಅದು ಸುಳ್ಳಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಆ ವಾರವೇ ಊಟದ ಹೊತ್ತಿಗೆ ಅವನು ಅಂಗಡಿಯಿಂದ ತಂದ ಬಣ್ಣದ ಕಾಗದವೊಂದನ್ನು ತಟ್ಟೆಯ ಪಕ್ಕ ಬಿಡಿಸಿಟ್ಟುಕೊಂಡ. ಗಾಡಿಗೆ ಹಾಕಿಸಬಹುದಾದ ಸಾಮಾನುಗಳ ಪಟ್ಟಿ ಅದು.

"ಏನೇನು ಹಾಕಿಸ್ತಿದ್ದೀಯಪ್ಪಾ?" ಎಂದ ಮಗ. ಅವನು ಮನೆಮನೆಗೆ ಹೋಗಿ ಫ್ರಿಜ್ಜು ರಿಪೇರಿ ಮಾಡುವವನು, ಎಷ್ಟು ತೊಳೆದರೂ ಅವನ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ.

"ಮುಂದಕ್ಕೆ ಇನ್ನೆರಡು ಲೈಟು. ಎರಡೂ ಕಡೆ ದೊಡ್ಡ ಕನ್ನಡಿ. ಕಾಲಿನ ಹತ್ತಿರ ಕ್ರ್ಯಾಶ್ ಗಾರ್ಡು. ಗಾಳಿಗೆ ಅಡ್ಡ ಒಂದು ಗಾಜು. ಆಮೇಲೆ ಹಿಂದಿನ ಸೀಟು ಎತ್ತರ ಮಾಡಿಸಬೇಕು."

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಮಾವ" ಎಂದಳು ಸೊಸೆ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಗುಂಡಿ, ಹೊಲಿಗೆ ಪರೀಕ್ಷೆ ಮಾಡುವವಳು. ತಪ್ಪು ಹುಡುಕುವುದು ಅವಳ ಕೈಗೂ ಬಾಯಿಗೂ ಒಟ್ಟಿಗೇ ರೂಢಿಯಾಗಿತ್ತು.

"ಗಾಡಿ ಅಂದ್ಮೇಲೆ ಅದಕ್ಕೊಂದು ಲಕ್ಷಣ ಬೇಡ್ವೇನಮ್ಮಾ?"

"ಬಟ್ಟೆ ಒಗೆಯೋ ಮಷಿನ್ನು ಎರಡು ತಿಂಗಳಿಂದ ಕೆಟ್ಟು ಕೂತಿದೆ. ಅದಕ್ಕೆ ಲಕ್ಷಣ ಬೇಡ್ವಾ? ಊರಿನ ಫ್ರಿಜ್ಜೆಲ್ಲ ರಿಪೇರಿ ಮಾಡೋರ ಮನೇಲಿ ನಮಗೆ ಬಕೆಟ್ಟು, ಬ್ರಷ್ಷು."

"ಅದರ ಮೋಟಾರೇ ಸುಟ್ಟಿದೆ ಮಾರಾಯ್ತಿ, ನಾನೇನು ಮಂತ್ರ ಹಾಕ್ಲಾ? ಹೊಸದೇ ತರಬೇಕು" ಎಂದ ಮಗ.

"ಬಿಡ್ರೋ, ನಾನು ಕೈಲಿ ಒಗೀತಿದ್ದೀನಲ್ಲ" ಎಂದಳು ತಾಯಿ.

"ಅದನ್ನೇ ಅತ್ತೆ ನಾನು ಹೇಳ್ತಿರೋದು. ನಿಮ್ಮ ಕೈ ನೋಡ್ಕೊಳ್ಳಿ."

"ಮುಂದಿನ ತಿಂಗಳು ಮಷಿನ್ ನೋಡೋಣ" ಎಂದು ಡ್ರೈವರ್ ಕಾಗದ ಮಡಚಿದ. ಮೊಮ್ಮಗಳು ಪುಟ್ಟಿ, ಆರು ವರ್ಷದವಳು, "ತಾತ, ಹಾರ್ನ್ ಜೋರಾಗಿರೋದು ಹಾಕ್ಸು" ಎಂದಳು. ಆ ಮಾತಿಗೆ ಮಾತ್ರ ಎಲ್ಲರೂ ನಕ್ಕರು. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಸಂಜೆಯ ಮಬ್ಬಿನಲ್ಲಿ ದಾರಿ ಕಾಣದ್ದಕ್ಕೆ ಲೈಟು, ಬೀಳುವ ಭಯಕ್ಕೆ ಗಾರ್ಡು. ಮಿಕ್ಕವರಿಗೆ ಶೋಕಿಯ ಪಟ್ಟಿಯಾಗಿ ಕಂಡದ್ದು ಅವಳಿಗೆ ಡಾಕ್ಟರಮ್ಮನ ಚೀಟಿಯ ಹಾಗೆ ಕಂಡಿತು.

ಸೀಟು ಹೊಲಿಯುವವನ ಅಂಗಡಿ ಒಂದು ಗ್ಯಾರೇಜಿನ ಹಿಂಭಾಗದಲ್ಲಿತ್ತು. ಗೋಡೆಯ ತುಂಬ ರೆಗ್ಜಿನ್ ಸುರುಳಿಗಳು, ನೆಲದ ಮೇಲೆ ಸ್ಪಂಜಿನ ಚೂರು, ಗಾಳಿಯಲ್ಲಿ ಅಂಟಿನ ವಾಸನೆ. ಸೀಟಿನವನು ಗಾಡಿಯ ಸುತ್ತ ಒಂದು ಸುತ್ತು ಬಂದು, "ಕ್ರೂಸರ್ರಿಗೆ ಸೀಟು ತಗ್ಗಿದ್ರೇನೇ ಚೆಂದ ಸಾರ್. ನೀವು ಎತ್ತರ ಮಾಡ್ಸಿದ್ರೆ ಒಂಟೆ ಆಗುತ್ತೆ" ಎಂದ.

"ಒಂಟೆನೇ ಆಗ್ಲಿ. ಅವಳು ಕೂತರೆ ನನ್ನ ಹೆಲ್ಮೆಟ್ ಮೇಲಿಂದ ದಾರಿ ಕಾಣಬೇಕು."

"ಗಾಡಿ ಓಡ್ಸೋದು ನೀವಾ, ಅಮ್ಮನಾ?" ಎಂದು ಸೀಟಿನವನು ಹಲ್ಲು ಬಿಟ್ಟ.

ಡ್ರೈವರ್ ಕೂಡ ನಕ್ಕ. ಅವಳು ನೆಲದ ಮೇಲಿನ ಸ್ಪಂಜಿನ ಚೂರುಗಳನ್ನು ನೋಡುತ್ತ ನಿಂತಳು. ಅವಳನ್ನು ಹತ್ತಿಸಿ, ಇಳಿಸಿ, ಸ್ಪಂಜಿನ ಮೇಲೆ ಸ್ಪಂಜಿಟ್ಟು ಮತ್ತೆ ಹತ್ತಿಸಿ, ಸೀಟಿನವನು ಸೀಸದ ಕಡ್ಡಿಯಲ್ಲಿ ಗುರುತು ಹಾಕಿಕೊಂಡ. ಕಡೆಗೆ ನಾಲ್ಕು ಅಂಗುಲ ಬೇಕಾಯಿತು.

"ಈಗ ಹೇಗಮ್ಮಾ?"

"ಕಾಣ್ತದೆ" ಎಂದಳು.

ಮುಂದಿನ ಮೂರು ವಾರ ಅವಳು ಖುಷಿಯಾಗಿದ್ದಳು. ಇದನ್ನು ಮುಚ್ಚಿಟ್ಟು ಅವಳನ್ನು ಬರೀ ಪಾಪದವಳನ್ನಾಗಿ ಮಾಡುವುದು ಸರಿಯಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಮೂರು ಡಬ್ಬಿಗೆ ಊಟ ತುಂಬಿಸಿ, ಎರಡು ಬಕೆಟ್ ಬಟ್ಟೆ ಒಗೆದು, ಒಣಹಾಕಿ, ಹತ್ತು ಗಂಟೆಗೆ ತಲೆ ಬಾಚಿಕೊಂಡು ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಾರುಕಟ್ಟೆಗೆ ಹೋದರು, ಊರ ಹೊರಗಿನ ಸೇತುವೆಗೆ ಹೋದರು, ಒಂದು ದಿನ ಬಸ್ ಡಿಪೋದ ಗೇಟಿನ ತನಕ ಹೋಗಿ ಅವನ ಹಳೆಯ ಜೊತೆಗಾರರಿಗೆ ಗಾಡಿ ತೋರಿಸಿ ಬಂದರು. ಅಷ್ಟು ಎತ್ತರದಿಂದ ಅವಳು ಆ ಊರನ್ನು ಎಂದೂ ನೋಡಿರಲಿಲ್ಲ. ಅಂಗಡಿಯ ಬೋರ್ಡುಗಳನ್ನು ಓದುತ್ತಿದ್ದಳು, ಕಾಂಪೌಂಡಿನೊಳಗಿನ ಗಿಡಗಳನ್ನು ಎಣಿಸುತ್ತಿದ್ದಳು, ಅದರ ಜೊತೆಗೇ ಅವಳ ಕೈ ಅವನ ಭುಜದ ಮೇಲೆ ಎಡಕ್ಕೆ, ಬಲಕ್ಕೆ ತಟ್ಟುತ್ತಲೇ ಇರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವನು ತನ್ನ ಮಾತು ಇಷ್ಟು ಕೇಳಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು.

ಒಂದು ದಿನ ಎಡಗಡೆಯ ಗೇಟಿನಿಂದ ಸ್ಕೂಟರೊಂದು ಧುತ್ತೆಂದು ಹೊರಗೆ ಬಂತು. ಅವಳು ಬೆನ್ನಿಗೆ ಗುದ್ದಿದಳು. ಗಾಡಿ ಇದ್ದಲ್ಲೇ ನಿಂತಿತು. ಸ್ಕೂಟರಿನವಳು ಕೈ ಎತ್ತಿ ಹೋದಳು.

"ನೋಡಿದ್ಯಾ? ಅರ್ಧ ಸುತ್ತು ಇಲ್ಲ" ಎಂದ ಡ್ರೈವರ್. ಮನೆ ಮುಟ್ಟುವ ತನಕ ಅವಳು ಅವನ ಅಂಗಿ ಬಿಡಲಿಲ್ಲ. ಆದರೂ ಮರುದಿನ ಹತ್ತು ಗಂಟೆಗೆ ಅವಳು ಬಾಗಿಲಲ್ಲಿ ನಿಂತಿದ್ದಳು.

ಐದನೆಯ ವಾರ ನೀರಿನ ಪೈಪು ಹಾಕಲು ಬೀದಿ ಅಗೆದರು. ಶಾಲೆಯ ವ್ಯಾನು ಒಳಗೆ ಬರುವುದಿಲ್ಲ ಎಂದಿತು. ಸೊಸೆಗೆ ಎಂಟು ಗಂಟೆಗೆ ಕಾರ್ಖಾನೆಯ ಗೇಟು ಮುಚ್ಚುತ್ತದೆ, ಮಗ ಅಷ್ಟು ಹೊತ್ತಿಗೆ ಯಾರದೋ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ಕೂತಿರುತ್ತಾನೆ.

"ಮಾವ, ಪುಟ್ಟೀನ ನೀವೇ ಶಾಲೆಗೆ ಬಿಟ್ಟು ಬನ್ನಿ. ಹೇಗೂ ಗಾಡಿ ಇದೆ" ಎಂದಳು ಸೊಸೆ, ಚಹಾ ಸೋಸುತ್ತ.

ಡ್ರೈವರ್ ಬಾಯಿ ತೆರೆಯುವುದಕ್ಕೆ ಮುಂಚೆಯೇ ಹೆಂಡತಿ, "ಬೇಡ. ನಾನು ನಡೆಸಿಕೊಂಡು ಹೋಗ್ತೀನಿ" ಎಂದಳು.

"ಎರಡು ಮೈಲಿ ಅತ್ತೆ! ಮಗು ಕಾಲು ಏನಾಗ್ಬೇಕು?"

"ಎತ್ಕೋತೀನಿ."

"ಮನೆ ಮುಂದೆ ಅಷ್ಟು ದೊಡ್ಡ ಗಾಡಿ ಇಟ್ಕೊಂಡು ಮಗೂನ ಎತ್ಕೊಂಡು ಹೋಗ್ತೀರಾ? ನೋಡಿದವರು ಏನಂತಾರೆ?"

"ಏನಾದ್ರೂ ಅನ್ಲಿ. ಮಗು ಆ ಗಾಡಿ ಮೇಲೆ ಕೂರೋದು ಬೇಡ."

ಸೊಸೆ ಸೋಸುವ ಜಾಲರಿ ಕೆಳಗಿಟ್ಟಳು. "ಗೊತ್ತಾಯ್ತು ಬಿಡಿ. ಆ ಸೀಟು ನಿಮಗೆ ಅಂತ ಮಾಡ್ಸಿದ್ದು. ಅದರ ಮೇಲೆ ಬೇರೆ ಯಾರೂ ಕೂರಬಾರದು. ನಾನು ಒಂದೂವರೆ ವರ್ಷದಿಂದ ಒಂದು ಮಷಿನ್ನಿಗೆ ಬಾಯಿ ಬಿಡ್ತಿದ್ದೀನಿ, ನೀವು ದಿನಾ ತಲೆ ಬಾಚ್ಕೊಂಡು ಮೆರವಣಿಗೆ ಹೋಗ್ತೀರಿ. ಮೊಮ್ಮಗಳ ಮೇಲೂ ಹೊಟ್ಟೆಕಿಚ್ಚೇ?"

"ಒಂದೂವರೆ ವರ್ಷ ಎಲ್ಲಿ, ಮಷಿನ್ ಕೆಟ್ಟು ಮೂರು ತಿಂಗಳು ಆಯ್ತು" ಎಂದ ಮಗ. ತನ್ನ ಹೆಂಡತಿಯ ನೋಟ ಕಂಡು ಚಹಾದ ಲೋಟ ಎತ್ತಿಕೊಂಡ.

ತಾಯಿ ಗಂಡನ ಮುಖ ನೋಡಿದಳು. ಈಗಲಾದರೂ ಅವನು ಒಂದು ಮಾತು ಹೇಳಬಹುದು. ಬೆನ್ನು ನೋವು ಅನ್ನಬಹುದು, ಬೆಳಗಿನ ಹೊತ್ತು ಆಗುವುದಿಲ್ಲ ಅನ್ನಬಹುದು, ಸುಳ್ಳಾದರೂ ಪರವಾಗಿಲ್ಲ. ಅವನು ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

"ಹೌದು ಕಣಮ್ಮ, ಹೊಟ್ಟೆಕಿಚ್ಚೇ ಅಂತ ಇಟ್ಕೋ" ಎಂದಳು ಅವಳು. ಅಂದಿನಿಂದ ದಿನಾ ಬೆಳಿಗ್ಗೆ ಎರಡು ಮೈಲಿ ನಡೆದು ಪುಟ್ಟಿಯನ್ನು ಶಾಲೆಗೆ ಬಿಟ್ಟು, ಎರಡು ಮೈಲಿ ವಾಪಸ್ಸು ನಡೆದು ಬಂದು, ಬಟ್ಟೆ ಒಗೆದು, ಹತ್ತೂವರೆಗೆ ಗಾಡಿ ಹತ್ತತೊಡಗಿದಳು. ಸೊಸೆ ಎರಡು ವಾರ ಅವಳ ಹತ್ತಿರ ಉಪ್ಪು ಎಲ್ಲಿದೆ ಎಂಬುದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಒಂದು ಭಾನುವಾರ ಮಗ ಗಾಡಿಯನ್ನು ತೊಳೆಯುತ್ತಿದ್ದವನು, "ಅಪ್ಪಾ, ಇಷ್ಟು ದೊಡ್ಡ ಕನ್ನಡಿ ಹಾಕ್ಸಿದ್ದೀಯ, ಎಡಗಡೇದು ಆಕಾಶ ನೋಡ್ತಿದೆಯಲ್ಲ!" ಎಂದ.

"ಗುಂಡಿಗೆ ಬಿದ್ದು ತಿರುಗಿರುತ್ತೆ."

"ಹೋದ ವಾರವೂ ಹೀಗೇ ಇತ್ತು. ನಿನಗೆ ಕಾಣಲ್ವಾ?"

"ಇಪ್ಪತ್ತೊಂಬತ್ತು ವರ್ಷ ಓಡ್ಸಿದೋನಿಗೆ ಕನ್ನಡಿ ತೋರಿಸ್ಬೇಡ, ಹೋಗು!"

ಮಗ ನಕ್ಕು ಸ್ಪ್ಯಾನರ್ ತಂದು ಕನ್ನಡಿ ಬಿಗಿ ಮಾಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ನಿಜ. ಆದರೆ ಹುಣ್ಣು ಅಪ್ಪನ ಅಂಗೈಯಲ್ಲಿದ್ದರೆ ಮಕ್ಕಳು ಅದನ್ನು ನೋಡುವುದು ಕಡಿಮೆ.

ಕೊನೆಯದಾಗಿ ಬಂದದ್ದು ಬ್ಯಾಕ್‌ರೆಸ್ಟ್. ಅದು ಪಟ್ಟಿಯಲ್ಲಿ ಇರಲಿಲ್ಲ, ಅವಳೂ ಕೇಳಿರಲಿಲ್ಲ. ರಾತ್ರಿ ಅವಳು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡಿ ಅವನೇ ಅಂಗಡಿಯವನಿಗೆ ಹೇಳಿ ತರಿಸಿದ್ದ. ದಪ್ಪ ಸ್ಪಂಜು, ಎರಡೂ ಪಕ್ಕಕ್ಕೆ ತೋಳಿನ ಹಾಗೆ ಬಾಗಿದ ಅಂಚು. ಹಿಂದೆ ಕೂತವರು ಆಚೀಚೆ ವಾಲದ ಹಾಗೆ ಅದು ಹಿಡಿದಿಡುತ್ತದೆ.

ಬಂದಿದೆ ಎಂದು ಫೋನು ಬಂದ ಶನಿವಾರ ಅವಳು ಮನೆಯ ಹೊದಿಕೆ, ಹಾಸಿಗೆ ಬಟ್ಟೆ ಎಲ್ಲ ಒಗೆದಿದ್ದಳು. ಆರು ಬಕೆಟ್. ನೆನೆದ ಕಂಬಳಿಯ ಒಂದು ತುದಿ ಹಿಡಿಯಲು ಯಾರೂ ಬರಲಿಲ್ಲ.

"ಇವತ್ತು ಬೇಡ ಕಣ್ರೀ. ಕಣ್ಣು ಎಳೀತಿದೆ."

"ನಿನಗೋಸ್ಕರ ತರಿಸಿದ್ದು ಮಾರಾಯ್ತಿ. ಹೋಗೋದು, ಹಾಕಿಸ್ಕೊಂಡು ಬರೋದು. ಬರುವಾಗ ಒರಗಿ ಕೂತ್ಕೊಂಡು ಬಾ, ಮಹಾರಾಣಿ ಹಾಗೆ."

ಅವಳು ಒದ್ದೆ ಕೈ ಒರೆಸಿಕೊಂಡು ಹೊರಟಳು. ಅಂಗಡಿಯವನು ನಾಲ್ಕು ಬೋಲ್ಟು ಬಿಗಿದು, ಕೂತು ನೋಡಿ ಎಂದ. ಅವಳು ಕೂತು ಬೆನ್ನು ಹಿಂದಕ್ಕೆ ಬಿಟ್ಟಳು. ಎಷ್ಟೋ ತಿಂಗಳಿಂದ ಆ ಬೆನ್ನು ಹಗಲಿನಲ್ಲಿ ಯಾವುದಕ್ಕೂ ಒರಗಿರಲಿಲ್ಲ.

"ಹೇಗಿದೆ?" ಎಂದ ಡ್ರೈವರ್.

"ಚೆನ್ನಾಗಿದೆ ರೀ" ಎಂದಳು. ಕಣ್ಣಲ್ಲಿ ನೀರು ಬಂತು.

ವಾಪಸ್ಸು ಬರುವಾಗ ಮೂರು ಗಂಟೆಯ ಬಿಸಿಲು ಹದವಾಗಿತ್ತು. ದಾರಿ ಖಾಲಿಯಿತ್ತು. ಗಾಡಿ ಒಂದೇ ಸಮನೆ ಗುಡುಗುತ್ತ ಸಾಗುತ್ತಿತ್ತು. ಮಗ್ಗಲುಗಳನ್ನು ಆ ಸ್ಪಂಜಿನ ತೋಳುಗಳು ಹಿಡಿದುಕೊಂಡಿದ್ದವು. ಬಣ್ಣದ ಅಂಗಡಿಯ ಬೋರ್ಡು ಓದಿದ್ದು ಅವಳಿಗೆ ನೆನಪಿದೆ. ಅದರ ಪಕ್ಕದ ಹೊಲಿಗೆ ಅಂಗಡಿಯ ಬೋರ್ಡು ನೆನಪಿಲ್ಲ.

ಎಚ್ಚರವಾದಾಗ ಅವಳು ರಸ್ತೆಯ ಮೇಲಿದ್ದಳು. ಕೆನ್ನೆಗೆ ಏನೋ ತಣ್ಣಗೆ, ಲೋಳೆಯಾಗಿ ಅಂಟಿತ್ತು. ರಕ್ತ ಎಂದುಕೊಂಡಳು. ಮೊಟ್ಟೆ. ರಸ್ತೆಯ ತುಂಬ ಮೊಟ್ಟೆ ಒಡೆದು ಹಳದಿ ಹರಿಯುತ್ತಿತ್ತು. ಎಡಗಡೆಯ ಓಣಿಯ ಬಾಯಿಯಲ್ಲಿ ಸೈಕಲ್ಲೊಂದು ನಜ್ಜುಗುಜ್ಜಾಗಿ ಬಿದ್ದಿತ್ತು, ಅದರ ಪಕ್ಕ ಒಬ್ಬ ಮುದುಕ ತನ್ನ ಕಾಲು ಯಾಕೆ ಆ ಕಡೆ ತಿರುಗಿದೆ ಎಂದು ಆಶ್ಚರ್ಯಪಟ್ಟುಕೊಂಡು ನೋಡುತ್ತಿದ್ದ. ಡ್ರೈವರಿಗೆ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಕ್ರ್ಯಾಶ್ ಗಾರ್ಡು ಅವನ ಕಾಲನ್ನು ಚೆನ್ನಾಗಿಯೇ ಕಾಪಾಡಿತ್ತು.

ಆಸ್ಪತ್ರೆಯಲ್ಲಿ ಅವಳ ಬಲಗೈಗೆ ಮೊಣಕೈಯ ಮೇಲಿನ ತನಕ ಪ್ಲಾಸ್ಟರ್ ಹಾಕಿದರು. ಮಗ ಓಡಿ ಬಂದ. ಡ್ರೈವರ್ ಬೆಂಚಿನ ಮೇಲೆ ಕೂತಿದ್ದವನು ಮಗನ ಕೈ ಹಿಡಿದುಕೊಂಡು, "ಇವಳು ತಟ್ಟಲಿಲ್ಲ ಕಣೋ" ಎಂದ.

"ಏನು ತಟ್ಟಲಿಲ್ಲ?"

ಡ್ರೈವರ್ ಮಗನ ಕೈ ಬಿಟ್ಟ. "ಬಿದ್ದ ಗಾಬರಿ, ಏನೇನೋ ಅಂತಾರೆ" ಎಂದಳು ಅವಳು ಮಂಚದ ಮೇಲಿಂದ. ಆದರೆ ಆ ಮಾತು ಅವಳನ್ನು ಮೂಳೆ ಮುರಿದದ್ದಕ್ಕಿಂತ ಹೆಚ್ಚು ನೋಯಿಸಿತು. ಮಗ ಔಷಧ ತರಲು ಹೋದಾಗ ಅವನು ಮತ್ತೆ ಅದನ್ನೇ ಹೇಳಿದ.

"ನೀನು ತಟ್ಟಲಿಲ್ಲವಲ್ಲೇ."

"ನಿದ್ದೆ ಹತ್ತಿತು."

"ಗಾಡಿ ಮೇಲೆ ಯಾರಾದ್ರೂ ನಿದ್ದೆ ಮಾಡ್ತಾರಾ?"

ಆರು ಬಕೆಟ್ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

ಪೊಲೀಸರ ಮುಂದೆ ಡ್ರೈವರ್ ಬೇರೆಯೇ ಮಾತು ಹೇಳಿದ. ಓಣಿಯಿಂದ ಮೊಟ್ಟೆಯವನು ಆಚೀಚೆ ನೋಡದೆ ಸೈಕಲ್ಲು ನುಗ್ಗಿಸಿದ, ಬ್ರೇಕ್ ಹಾಕಲು ಸಮಯವೇ ಸಿಗಲಿಲ್ಲ ಎಂದ. ಇಪ್ಪತ್ತೊಂಬತ್ತು ವರ್ಷ ಒಂದೂ ಅಪಘಾತ ಮಾಡದ ಡ್ರೈವರನ ಮಾತು. ಯಾರು ನಂಬುವುದಿಲ್ಲ? ಮೊಟ್ಟೆಯವನಿಗೆ ತಲೆಗೆ ಪೆಟ್ಟು ಬಿದ್ದು ಏನೂ ನೆನಪಿರಲಿಲ್ಲ. ಇನ್ನು ಹಿಂದೆ ಕೂತವಳ ಹೇಳಿಕೆಯೊಂದು ಬಾಕಿ, ಕೈ ಸ್ವಲ್ಪ ವಾಸಿಯಾದ ಮೇಲೆ ಬಂದು ಬರೆದುಕೊಡಲಿ ಎಂದರು.

"ನಾನು ಹೇಳಿದ್ದನ್ನೇ ಹೇಳಿದ್ರೆ ಮುಗೀತು" ಎಂದ ಡ್ರೈವರ್ ಮನೆಯಲ್ಲಿ.

"ನಾನು ನಿದ್ದೆ ಮಾಡಿದ್ದೆ. ಏನೂ ನೋಡಿಲ್ಲ."

"ಅದೇ ನಾನೂ ಹೇಳ್ತಿರೋದು. ನೋಡಿಲ್ಲ ಅಂದ್ಮೇಲೆ ನನ್ನ ಮಾತು ಸುಳ್ಳು ಅಂತ ನಿನಗೆ ಹೇಗೆ ಗೊತ್ತು?"

ಎಂಟು ದಿನ ಮನೆಯ ಕೆಲಸವೆಲ್ಲ ಸೊಸೆಯ ತಲೆ ಮೇಲೆ ಬಿತ್ತು. ಅವಳು ರಜೆ ಹಾಕಿ ಅನ್ನ ಬೇಯಿಸಿದಳು, ಅತ್ತೆಯ ತಲೆ ಬಾಚಿದಳು, ಬಾಯಿಗೆ ತುತ್ತು ಕೊಟ್ಟಳು. ಬಟ್ಟೆಯ ಬಕೆಟ್ಟಿನ ಮುಂದೆ ಕೂತ ಮೊದಲ ದಿನ, "ದಿನಾ ಇಷ್ಟು ಒಗೀತಿದ್ರಾ ಅತ್ತೆ?" ಎಂದು ಕೇಳಿದಳು. ಅವರಿಬ್ಬರ ಮಾತು ಮತ್ತೆ ಶುರುವಾದದ್ದು ಹಾಗೆ. ಗಾಡಿ ಹಿತ್ತಲಲ್ಲಿ ಮುಂದಿನ ಲೈಟು ಒಡೆದುಕೊಂಡು ನಿಂತಿತ್ತು. ಸೀಟಿಗೆ, ಬ್ಯಾಕ್‌ರೆಸ್ಟಿಗೆ ಒಂದು ಗೀರೂ ಆಗಿರಲಿಲ್ಲ.

ಒಂಬತ್ತನೆಯ ದಿನ ಸಂಜೆ ಮೊಟ್ಟೆಯವನ ಮಗಳು ಬಂದಳು. ಮೂವತ್ತರ ಹೆಂಗಸು, ಔಷಧದಂಗಡಿಯಲ್ಲಿ ಕೆಲಸಕ್ಕಿದ್ದವಳು, ಕೆಲಸದ ಬಿಳಿ ಕೋಟನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು. ಸೊಸೆ ಕುರ್ಚಿ ಹಾಕಿದಳು. ಡ್ರೈವರ್ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತ. ಬೀದಿ ಬಾಗಿಲು ಅವನ ಎಡಕ್ಕಿತ್ತು. ಹೆಂಡತಿ ಅವನ ಕುರ್ಚಿಯ ಹಿಂದೆ ನಿಂತಳು. ಮಗ ಗೋಡೆಗೆ ಒರಗಿದ, ಪುಟ್ಟಿ ಅವನ ಕಾಲಿಗೆ ಒರಗಿದಳು.

"ಜಗಳಕ್ಕೆ ಬಂದಿಲ್ಲ ಸಾರ್. ಏನೂ ಕೇಳಕ್ಕೂ ಬಂದಿಲ್ಲ" ಎಂದಳು ಬಂದವಳು. "ನಮ್ಮಪ್ಪಂಗೆ ಏನಾಯ್ತು ಅಂತ ತಿಳ್ಕೊಂಡು ಹೋಗಕ್ಕೆ ಬಂದೆ. ತೊಡೆ ಮೂಳೆಗೆ ರಾಡು ಹಾಕಿದ್ದಾರೆ. ಇನ್ನು ಸೈಕಲ್ ತುಳಿಯೋಕೆ ಆಗಲ್ಲ ಅಂದಿದ್ದಾರೆ. ಅದಕ್ಕೂ ಅಳ್ಲಿಲ್ಲ ಅವರು. ನೋಡದೆ ನುಗ್ಗಿದ್ರಂತೆ ಅಂತ ಪೊಲೀಸ್ನೋರು ಹೇಳಿದ್ರಲ್ಲ, ಅದಕ್ಕೆ ಅಳ್ತಿದ್ದಾರೆ."

ಸೊಸೆ ನೀರಿನ ಲೋಟ ತಂದು ಅವಳ ಮುಂದಿಟ್ಟಳು.

"ಇಪ್ಪತ್ತು ವರ್ಷದಿಂದ ಮೊಟ್ಟೆ ಹೊತ್ತೋರು ಸಾರ್ ಅವರು. ತಿರುವು ಬಂದ್ರೆ ಸೈಕಲ್ಲಿಂದ ಇಳಿದು ತಳ್ಕೊಂಡೇ ಬರ್ತಾರೆ. ನಾವೇ ನಗ್ತಿದ್ವಿ. ಈಗ ಅವರು, ನನಗೆ ನೆನಪಿಲ್ಲ, ನಾನೇ ನುಗ್ಗಿರ್ಬೇಕು, ನನ್ನಿಂದ ಒಬ್ಬ ಹೆಂಗಸಿನ ಕೈ ಮುರೀತು ಅಂತ ಊಟ ಬಿಟ್ಟಿದ್ದಾರೆ. ನೀವು ನೋಡಿದ್ರಿ. ಅವರು ನಿಜವಾಗ್ಲೂ ಹಾಗೆ ಬಂದ್ರಾ?"

ಡ್ರೈವರ್ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ವಯಸ್ಸಾದೋರು. ಒಂದೊಂದ್ಸಲ ಗಮನ ತಪ್ಪುತ್ತೆ. ನಾನು ನನ್ನ ಪಾಡಿಗೆ ನಿಧಾನವಾಗಿ ಬರ್ತಿದ್ದೆ..."

ಹೆಂಡತಿಯ ಎಡಗೈ ಮೇಲೆದ್ದಿತು. ಬೆನ್ನ ನಡುವೆ ಒಂದೇ ಒಂದು ಏಟು.

ಅವನ ಮಾತು ತಡವರಿಸಿತು. ಬಲಗಾಲು ತಾನಾಗಿಯೇ ಕೆಳಕ್ಕೆ ಒತ್ತಿತು, ಬ್ರೇಕು ಅಲ್ಲೇ ಇದೆ ಎನ್ನುವ ಹಾಗೆ. ಅವಳು ಅದನ್ನು ನೋಡಿದಳು. ಏಟು ಅವನಿಗೆ ಗೊತ್ತಾಗಿದೆ ಎನ್ನುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

"...ನಿಧಾನವಾಗಿ ಬರ್ತಿದ್ದೆ. ಓಣಿಯಿಂದ ನಿಮ್ಮಪ್ಪ ಸೈಕಲ್ ಮೇಲೆ ಕೂತೇ ನುಗ್ಗಿದ್ರು. ನನ್ನ ಕಣ್ಣಾರೆ ನೋಡಿದ್ದೀನಿ" ಎಂದು ಅವನು ಮುಂದುವರಿಸಿದ.

ಅವಳು ಇನ್ನೊಮ್ಮೆ ಹೊಡೆದಳು, ಜೋರಾಗಿ. ಸದ್ದು ಎಲ್ಲರಿಗೂ ಕೇಳಿಸಿತು. ಅವನು ನಿಲ್ಲಲಿಲ್ಲ. "ಬೇಕಾದ್ರೆ ಡಿಪೋದಲ್ಲಿ ಕೇಳು, ಇಪ್ಪತ್ತೊಂಬತ್ತು ವರ್ಷ..."

"ಅವರಿಗೆ ಎಡಗಡೆ ಕಣ್ಣು ಕಾಣಲ್ಲಮ್ಮ" ಎಂದಳು ಹೆಂಡತಿ.

ಮಗ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಕೆಲಸ ಬಿಟ್ಟಿದ್ದಲ್ಲ, ಬಿಡಿಸಿದ್ದು. ಗಾಡಿ ಮುಟ್ಟಬೇಡಿ ಅಂತ ಡಾಕ್ಟರು ನನ್ನ ಮುಂದೆನೇ ಹೇಳಿದ್ರು. ನಾನು ಹಿಂದೆ ಕೂತು ದಾರಿ ನೋಡ್ತಿದ್ದೆ. ಅವತ್ತು ನಿದ್ದೆ ಮಾಡ್ಬಿಟ್ಟೆ. ನಿಮ್ಮಪ್ಪ ಇಳಿದು ತಳ್ಕೊಂಡು ಬಂದ್ರೋ, ಕೂತು ಬಂದ್ರೋ, ಇವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇವರು ನೋಡೇ ಇಲ್ಲ."

ಸೊಸೆ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಪುಟ್ಟಿಯನ್ನು ಎತ್ತಿ ಎದೆಗೆ ಅವುಚಿಕೊಂಡಳು. "ಅಯ್ಯೋ ಅತ್ತೆ, ಬೆಳಗಾದ್ರೆ ನಡ್ಕೊಂಡು..." ಎಂದಳು.

"ತಪ್ಪು ಅವರೊಬ್ಬರದೇ ಅಲ್ಲಮ್ಮ" ಎಂದು ಹೆಂಡತಿ ಬಂದವಳಿಗೆ ಹೇಳಿದಳು. "ಗೊತ್ತಿದ್ದೂ ನಾನು ಹತ್ತಿ ಕೂತೆ. ಖುಷಿಯಿಂದ್ಲೇ ಕೂತೆ. ನಡಿ, ಮೊದಲು ನಿಮ್ಮಪ್ಪನ ಹತ್ರ ಹೋಗೋಣ. ಆಮೇಲೆ ಸ್ಟೇಷನ್ನಿಗೆ. ಬಲಗೈ ಇಲ್ಲ, ಎಡಗೈಲಿ ಹೆಬ್ಬೆಟ್ಟು ಒತ್ತುತೀನಿ."

ಬಂದವಳು ಬಿಳಿ ಕೋಟನ್ನು ಮುಖಕ್ಕೆ ಒತ್ತಿಕೊಂಡು ಎದ್ದಳು. ಮಗ ತಾಯಿಯ ಚಪ್ಪಲಿಗಳನ್ನು ತಿರುಗಿಸಿಟ್ಟು, ಬಗ್ಗಿ ಅವಳ ಕಾಲಿಗೆ ಹಾಕಿದ. ಮೂವರೂ ಡ್ರೈವರನ ಎಡಗಡೆಯ ಬಾಗಿಲಿನಿಂದ ಹೊರಗೆ ಹೋದರು.

ಡ್ರೈವರ್ ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಭುಜದ ಮೇಲಿಂದ ಕೈಯನ್ನು ಹಿಂದಕ್ಕೆ ಚಾಚಿ, ತಗ್ಗಿದ ದನಿಯಲ್ಲಿ, "ಲೇ, ಒಂದು ಮಾತು ಕೇಳ್ಬಿಟ್ಟು ಹೋಗೇ" ಎಂದ. ಅವನ ಕೈ ಗಾಳಿಯಲ್ಲಿ ಹುಡುಕುತ್ತಿತ್ತು.

"ತಾತ, ಅಜ್ಜಿ ಅಲ್ಲಿಲ್ಲ" ಎಂದಳು ಪುಟ್ಟಿ.